ಅಜ್ಜನ ಮಂಚದ ರಟ್ಟು

ಬಾಸುಂದಿ ಕುದಿಯುವ ವಾಸನೆ ಬಂದರೆ ಇಂದಿಗೂ ಮಿರಜಿನ ಆಸ್ಪತ್ರೆಯ ಆ ಸಂಜೆ ನೆನಪಾಗುತ್ತದೆ. ಪಕ್ಕದ ಕುಪವಾಡದಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ. ತಾರೀಖು ಎಷ್ಟು ಹುಡುಕಿದರೂ ಖಚಿತವಾಗಿಲ್ಲ. ಅಜ್ಜನ ಮಂಚಕ್ಕೆ ‘ಎನ್‌ಬಿಎಂ’ ಎಂದು ಬರೆದ ರಟ್ಟು ತೂಗುತ್ತಿತ್ತು. ಬಾಯಿಗೆ ಏನೂ ಕೊಡಬಾರದೆಂದು ಅದರ ಅರ್ಥ.

“ಈ ಡಾಕ್ಟರು ನಮಕಿಂತ ಕಡಕ್ ಜೈನರದಾರ,” ಎಂದು ಅಜ್ಜ ನಕ್ಕಿದ್ದರು.

ಅಂದು ಮಧ್ಯಾಹ್ನ ಡಾಕ್ಟರು ರಟ್ಟನ್ನು ಬಿಚ್ಚಿಸಿ, “ಅವರು ಕೇಳಿದ್ದ ಕೊಡ್ರಿ,” ಎಂದರು. ನಾನು ಕುಣಿದೆ, ಕಾಕಾ ಗೋಡೆಯತ್ತ ತಿರುಗಿ ನಿಂತರು. ಅಜ್ಜ ಬಾಸುಂದಿ ಕೇಳಿದರು. ಅವ್ವ ನಮ್ಮೂರು ಆರಗಕ್ಕೆ ಹೋಗಿ ಅದನ್ನು ಮಾಡಿ ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಅಜ್ಜ ಎಂದೂ ಉಂಡವರಲ್ಲ.

“ಮುಂಜಾನೆ ಕೊಡ್ಲೇನ್ರಿ, ಮಾವಾರ?” ಅವ್ವ ಡಬ್ಬಿಯನ್ನು ಮುಚ್ಚತೊಡಗಿದಳು.

“ಈಗಽ ಕೊಡವ್ವಾ,” ಎಂದು ಅಜ್ಜ ಬಾಯಿ ತೆರೆದರು.