ದನಿ ಸತ್ತ ಅಡಿಗಲ್ಲು

"ಇದು ನಮ್ಮ ಅಡಿಗಲ್ಲಲ್ಲ."

ಅಣ್ಣ ಸುತ್ತಿಗೆಯನ್ನು ಕೆಳಗಿಟ್ಟ. ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವನು ಇವತ್ತಷ್ಟೇ ಕುಲುಮೆಗೆ ಬಂದಿದ್ದ. ಜಾಗವೆಲ್ಲ ಬಿಕೋ ಎನ್ನುತ್ತಿತ್ತು. ಸೂರಿನ ಗುಬ್ಬಿಗಳೂ ಬಿಟ್ಟುಹೋದಂತಿದ್ದವು. ಬಂದವನೇ, ಕಾದ ಕಬ್ಬಿಣ ಇಟ್ಟು ಬಡಿಯುವ ಆ ಅಡಿಗಲ್ಲಿನ ನೆತ್ತಿಗೆ ಒಂದು ಪೆಟ್ಟು ಕೊಟ್ಟು ನೋಡಿದ. ಠಣ್ ಎನ್ನಬೇಕಾದ ಕಬ್ಬಿಣ ಮಣ್ಣಿನ ಮುದ್ದೆಯಂತೆ ದಪ್ ಎಂದಿತು.

"ಏನಣ್ಣಾ ನೀನು! ಅದೇ ಅಡಿಗಲ್ಲು, ಅದೇ ಜಾಗ. ಯಾರು ಮುಟ್ಟಿದ್ದಾರೆ ಇದನ್ನ?" ಎಂದು ತಮ್ಮ ನಕ್ಕ. ಇಷ್ಟು ದಿನ ಕುಲುಮೆ ನೋಡಿಕೊಂಡವನು ಅವನೇ.

"ಮುಟ್ಟಿದ್ದೀಯ ಅಂತ ನಾನಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಈ ಅಡಿಗಲ್ಲಿನ ಮೇಲೆ ಕಣ್ಣು ಹಾಕಿ ಬಾಗಿಲಿಗೆ ಬಂದುಹೋದ ಸುದ್ದಿ ಅಣ್ಣನಿಗೆ ಹಾಸಿಗೆಯಲ್ಲಿದ್ದಾಗಲೇ ತಲುಪಿತ್ತು.

ಕಮ್ಮಾರರ ನಡುವೆ ಅವನಿಗೆ ಕಿವಿಯಣ್ಣ ಎಂದೇ ಹೆಸರು. ಯಾರ ಅಡಿಗಲ್ಲನ್ನೇ ತಂದಿಡಲಿ, ಬೆನ್ನು ತಿರುಗಿಸಿ ನಿಂತು, ಒಂದು ಪೆಟ್ಟು ಹೊಡೆಸಿ, ಮಾಡಿದ ಕೈ ಯಾರದು, ವಯಸ್ಸೆಷ್ಟು ಎಂದು ಹೇಳಿಬಿಡುತ್ತಿದ್ದ. ಅವನಿಗಿದ್ದ ಹೆಮ್ಮೆ ಅದೊಂದೇ. ಇನ್ನು ಈ ಅಡಿಗಲ್ಲನ್ನು ಮಾಡಿದ್ದು ಅವನ ಗುರು, ಅಣ್ಣ ಕೆಲಸಕ್ಕೆ ಸೇರಿದ ವರ್ಷ. ಅದರ ದನಿಯನ್ನು ನಿದ್ದೆಯಲ್ಲೂ ಗುರುತಿಸಬಲ್ಲ.

ಆದರೂ ಅನ್ಯಾಯವಾಗಬಾರದೆಂದು ಸೀಮೆಎಣ್ಣೆ ಬಟ್ಟೆ ಹಿಡಿದು ಮಸಿ ಉಜ್ಜಿದ. ಪಕ್ಕೆಯಲ್ಲಿ ಗುರುವಿನ ಗುರುತಿತ್ತು, ಬೆನ್ನಿಗೆ ಬೆನ್ನು ಕೊಟ್ಟ ಎರಡು ಅರ್ಧಚಂದ್ರ. ಮೂಲೆಯಲ್ಲಿ, ಎಳೆಯ ವಯಸ್ಸಿನಲ್ಲಿ ಗುರಿ ತಪ್ಪಿ ತಾನೇ ಹಾರಿಸಿದ್ದ ಚಕ್ಕೆಯ ಕಲೆಯೂ ಇತ್ತು. ಅದನ್ನು ಕಂಡವನೇ ಬಟ್ಟೆಯನ್ನು ಬಿಸಾಡಿದ. ಇಷ್ಟು ಒಳಗಿನ ಗುರುತನ್ನು ನಕಲು ಮಾಡಿಸಬೇಕಾದರೆ ಮನೆಯವನೇ ಹೇಳಿಕೊಟ್ಟಿರಬೇಕು.

"ಗುರುತು ಯಾರು ಬೇಕಾದ್ರೂ ಕೊರೀಬಹುದು ಕಣೋ. ದನಿ ಕೊರೆಯೋಕಾಗಲ್ಲ."

ತಮ್ಮ ಸುತ್ತಿಗೆ ಎತ್ತಿಕೊಂಡು ತಾನೇ ಹೊಡೆದ. ಮತ್ತದೇ ದಪ್.

"ಕೇಳ್ತಾ ಇದ್ದೀಯೇನಣ್ಣಾ?"

"ಆಗಿಂದ ಕೇಳ್ತಾನೇ ಇದ್ದೀನಿ. ಉತ್ತರ ಕೊಡಬೇಕಾದೋನು ನೀನು."

ತಮ್ಮ ಏನೋ ಹೇಳಹೊರಟವನು ತಟ್ಟನೆ ಒಳಗೋಡಿ, ಒಲೆಯ ಮೇಲಿದ್ದ ಕೆಟಲನ್ನು ಇಳಿಸಿಕೊಂಡು ಬಂದ. ಮಾತು ತಪ್ಪಿಸುವ ಉಪಾಯ ಎಂದುಕೊಂಡ ಅಣ್ಣ.

"ಸೀಟಿ ಕೆಟ್ಟಿರೋ ಕೆಟಲು ಅದು, ಕುದಿಯೋದು ಕುದೀಲಿ. ಮೊದ್ಲು ಬಾಯಿಬಿಡು."

ತಮ್ಮ ಕೆಟಲು ಹಿಡಿದೇ ನಿಂತ. ಅಣ್ಣನ ಮುಖವನ್ನೇ ಬಹಳ ಹೊತ್ತು ನೋಡಿದ. ತಮ್ಮನ ಮೋರೆಯ ಕಳೆ ಇಳಿದುಹೋಯಿತು.

"ಹೌದಣ್ಣಾ," ಎಂದ ಕೊನೆಗೆ. "ಬದಲಾಯಿಸಿದ್ದು ನಾನೇ."

"ನಮ್ಮದು ಎಲ್ಲಿದೆ?"

"ಕರಗಿಸಿಬಿಟ್ರಂತೆ. ಹುಡುಕಬೇಡ." ತಮ್ಮ ಕೆಟಲನ್ನು ಮೆಲ್ಲಗೆ ನೆಲಕ್ಕಿಟ್ಟ. "ನಿನ್ನ ಕಿವಿಗೆ ಮೋಸ ಮಾಡೋಕಾಗುತ್ತಾ?"

ಅಣ್ಣ ಬಾಗಿಲ ಕಡೆ ಕೈ ತೋರಿಸಿದ. ತಾನೇ ಎತ್ತಿ ಆಡಿಸಿದ ತಮ್ಮ. ತುತ್ತು ತಿನ್ನಿಸಿದ್ದು ಇದೇ ಕೈ.

"ಹೋಗು. ನಾನು ಸತ್ತರೂ ಈ ಹೊಸಿಲು ತುಳೀಬೇಡ."

ತಮ್ಮ ಮೊಳೆಗೆ ನೇತುಹಾಕಿದ್ದ ಅಂಗಿ ಹೆಗಲಿಗೆ ಹಾಕಿಕೊಂಡು, ತಿರುಗಿಯೂ ನೋಡದೆ ನಡೆದ.

ಅಣ್ಣ ಮಸಿನೆಲದ ಮೇಲೆ ಕುಸಿದು ಕೂತು ಅತ್ತ. ಗುರು ಹೋದ, ಗುರುವಿನ ಅಡಿಗಲ್ಲೂ ಹೋಯಿತು, ಇದ್ದೊಬ್ಬ ತಮ್ಮನೂ ಹೋದ. ಕಿವಿಯೊಂದಾದರೂ ಉಳಿಯಿತಲ್ಲ ಎಂದುಕೊಂಡ. ಸಿಟ್ಟು ತಡೆಯಲಾರದೆ ಎದ್ದು, ಆ ನಕಲಿಯ ನೆತ್ತಿಗೆ ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊಡೆದ. ದಪ್.

ಸೂರಿನ ಗುಬ್ಬಿಗಳು ಚೀರುತ್ತ ಪುರ್ರನೆ ಹಾರಿದವು, ಎದುರುಮನೆಯ ಕೂಸು ಬೆಚ್ಚಿ ಅತ್ತಿತು, ಬೀದಿಯ ತಿರುವು ದಾಟಿದ್ದ ತಮ್ಮ, ಗುರುವಿನ ಅಡಿಗಲ್ಲಿನ ಆ ಠಣ್ ಕೇಳಿ ಕಣ್ಣೊರೆಸಿಕೊಂಡ.