ಹಲಸಿನ ತರಗೆಲೆ

ಮಾವ ಸಣ್ಣಬೀರಪ್ಪ ತೊಳೆದ ಹಲಸಿನ ತರಗೆಲೆಗಳನ್ನು ಮೀನಿನ ಗಾಜಿನ ತೊಟ್ಟಿಗೆ ಬಿಡುವುದನ್ನು ಕಂಡು ಸುಷ್ಮಿತಾಗೆ ಗಾಬರಿಯಾಯಿತು. ಸೊರಬದ ತವರಿನಿಂದ ಅವಳು ಹಟ ಹಿಡಿದು ತಂದದ್ದು ಆ ಒಂದೇ ಒಂದು ಕೆಂಪು ಮೀನು. ಬಂದು ನಾಲ್ಕು ದಿನವಾದರೂ ಅದು ಹಾಕಿದ ಕಾಳು ಮುಟ್ಟಿರಲಿಲ್ಲ.

“ನೀರು ಕೆಡ್ತದೆ ಮಾವ!”

“ಏನೂ ಆಗಲ್ಲವ್ವ. ಹಟ್ಟಿಗೆ ತಂದ ಹೊಸ ಕುರಿನ ಎಲ್ಲರೂ ಸುತ್ತ ನಿಂತು ನೋಡಿದ್ರೆ ಅದು ಮೇವು ಮುಟ್ಟಲ್ಲ. ಅದಕ್ಕೊಂದು ಮರೆ ಬೇಕು.”

ಎಲೆಗಳು ತೇಲಿದವು. ಮೀನು ಅವುಗಳ ಅಡಿಗೆ ನುಸುಳಿತು. ಸ್ವಲ್ಪ ಹೊತ್ತಿಗೆ ಮೂತಿಯನ್ನಷ್ಟೇ ಹೊರಗೆ ಚಾಚಿ ಒಂದು ಕಾಳನ್ನು ಒಳಗೆಳೆದುಕೊಂಡಿತು.

ಸಣ್ಣಬೀರಪ್ಪ ಸೊಸೆಯ ಬಾಡಿದ ಮುಖವನ್ನೊಮ್ಮೆ ನೋಡಿದ. ಆಮೇಲೆ, ಮದುಮಗಳನ್ನು ನೋಡಲೆಂದು ಬೆಳಗಿನಿಂದ ಪಡಸಾಲೆಯಲ್ಲೇ ಕೂತಿದ್ದ ಓಣಿಯ ಹೆಂಗಸರ ಕಡೆ ತಿರುಗಿದ.

“ಏಳ್ರವ್ವಾ, ನಾಳೆ ಬರ್ರಿ. ನಮ್ಮ ಹುಡುಗಿ ಇನ್ನೂ ಉಂಡಿಲ್ಲ.”