ಏಳಲೊಲ್ಲದ ಪೆಟ್ಟಿಗೆ

ಅಳಿಯ ಗುಂಡಿ ಒತ್ತಿದ. ಫ್ಯಾನು ಗಿರ್ರನೆ ತಿರುಗಿತು. ಕಂಪ್ಯೂಟರಿನ ಪೆಟ್ಟಿಗೆಯೊಳಗಿಂದ ಬೀಪ್, ಬೀಪ್, ಬೀಪ್ ಎಂದು ಮೂರು ಕೂಗು ಬಂತು. ಪರದೆ ಮಾತ್ರ ಒರೆಸಿಟ್ಟ ಸ್ಲೇಟಿನಂತೆ ಕಪ್ಪಗೇ ಉಳಿಯಿತು.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. “ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತೀರಿ. ಮನೇಲಿರೋ ಈ ಡಬ್ಬ ಎಬ್ಬಿಸೋಕಾಗಲ್ವಾ?”

“ಲಿಫ್ಟು ಹೇಳಿದ ಹಾಗೆ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಇದಕ್ಕೆ ತಲೆಯಿದೆ ಕಣೇ. ತಲೆಯಿರೋರು ಯಾರ ಮಾತು ಕೇಳ್ತಾರೆ?”

“ಯಾರಿಗೆ ಹೇಳಿದ್ದು ಅದು?”

“ಪೆಟ್ಟಿಗೆಗೆ.”

“ಎರಡು ಗಂಟೆಗೆ ಪ್ರೆಸ್ಸಿನ ಯಜಮಾನರು ಬರ್ತಾರೆ. ಅಚ್ಚಿಗೆ ತಗೊಂಡು ಹೋಗಿ ಅಂತ ನಾನೇ ಕರೆದಿದೀನಿ. ಅಪ್ಪನ ಒಂಬತ್ತು ವರ್ಷದ ಪುಸ್ತಕ ಅದರೊಳಗಿದೆ, ನೆನಪಿರಲಿ.”

ನೆನಪಿತ್ತು. ಆ ನೆನಪೇ ನಿನ್ನೆಯಿಂದ ಅವನ ಎದೆಯ ಮೇಲೆ ಬೀಸುವ ಕಲ್ಲಿನಂತೆ ಕೂತಿತ್ತು.

ಮಾವ ಮೂವತ್ತೆಂಟು ವರ್ಷ ಆ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅವರ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಅಚ್ಚಿಗೆ ಹೋದದ್ದಿಲ್ಲ ಎಂಬ ಹೆಸರು ಅವರದು. ನಿವೃತ್ತರಾದ ಮರುದಿನದಿಂದಲೇ ಬೆಳಗಿನ ಪ್ರಾರ್ಥನೆ ಮುಗಿಸಿ, ಕೋಣೆಯ ಬಾಗಿಲು ಹಾಕಿಕೊಂಡು, ತಮ್ಮದೇ ಪುಸ್ತಕ ಬರೆಯಲು ಕೂತರು. ಮಧ್ಯಾಹ್ನದವರೆಗೆ ಕೀಲಿಗಳ ಟಕಟಕ. ಆ ಸದ್ದು ಕೇಳಿದರೆ ಮನೆಯವರೆಲ್ಲ ಹೆಜ್ಜೆಯನ್ನೂ ಮೆಲ್ಲಗಿಡುತ್ತಿದ್ದರು.

ಕಳೆದ ತಿಂಗಳು ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಅಳಿಯ ಬಿಡಿಭಾಗಗಳನ್ನು ತಂದು ಹೊಸದನ್ನು ತಾನೇ ಜೋಡಿಸಿದ. ಹೆತ್ತವರ ಮುಖ ಕಾಣದವನಿಗೆ ತಂದೆಯೆಂದು ಸಿಕ್ಕವರು ಈ ಮಾವ ಒಬ್ಬರೇ. ಮಾವನೂ ಪಕ್ಕದಲ್ಲೇ ಕೂತು, ಇದು ಯಾವ ತಂತಿ, ಅದು ಯಾತಕ್ಕೆ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡಿದ್ದರು. ಹಳೆಯದರಲ್ಲಿ ಉಳಿಸಿಕೊಂಡದ್ದು ಡಿಸ್ಕು, ಕೀಬೋರ್ಡು ಎರಡನ್ನೇ. ಕೀಬೋರ್ಡಿನ ಅಕ್ಷರಗಳೆಲ್ಲ ಇನ್ನೂ ನಿಚ್ಚಳವಾಗಿದ್ದವು. ಮೇಲಿನ ಬಲಮೂಲೆಯ ಉದ್ದನೆಯ ಕೀಲಿಯೊಂದೇ ಬೆರಳು ತಾಗಿ ತಾಗಿ ನುಣ್ಣಗಾಗಿತ್ತು.

ನಿಜ ಹೇಳಬೇಕೆಂದರೆ, ಯಂತ್ರ ನಿನ್ನೆ ಮೊದಲ ಸಲಕ್ಕೇ ಎದ್ದು ಕೂತಿತ್ತು. ಅಳಿಯ ಯಾರಿಗೂ ಹೇಳಿರಲಿಲ್ಲ. ‘ನನ್ನ ಪುಸ್ತಕ’ ಎಂಬ ಫೋಲ್ಡರನ್ನು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ತೆರೆದು ನೋಡಿದರೆ ಖಾಲಿ. ಹಳೆಯ ಡಿಸ್ಕನ್ನೆಲ್ಲ ಜಾಲಾಡಿದ. ಎಲ್ಲೂ ಒಂದು ಪುಟವಿಲ್ಲ. ಏನನ್ನು ಒತ್ತಬಾರದಿತ್ತೋ ಅದನ್ನೇ ಒತ್ತಿಬಿಟ್ಟೆ ಎಂದುಕೊಂಡ.

ಆಮೇಲೆ ಅವನೇ ಮೆಮರಿ ಪಟ್ಟಿಯನ್ನು ಅದರ ಸೀಳಿನಲ್ಲಿ ತುಸು ಸಡಿಲಿಸಿಟ್ಟ. ಮೆಮರಿ ಸಿಗದ ಯಂತ್ರ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಯಂತ್ರ ಏಳದಿರುವಷ್ಟು ಹೊತ್ತು ಪುಸ್ತಕ ಬದುಕಿರುತ್ತದೆ.

“ಅವಸರ ಮಾಡಬೇಡಿ ಅಳಿಯಂದ್ರೇ,” ಮಂಚದ ಮೇಲೆ ಕೂತಿದ್ದ ಮಾವ ಹೇಳಿದರು. “ಇವತ್ತಾಗದಿದ್ರೆ ಬೇಡ. ಅದಕ್ಕೂ ಮನಸ್ಸು ಬರಬೇಕಲ್ಲ.”

“ಅಪ್ಪಾ, ನೀವು ಹೀಗೆ ಸಲಿಗೆ ಕೊಟ್ರೆ ಇವರು ಬರೋ ವರ್ಷಕ್ಕೂ ಮುಗಿಸಲ್ಲ.”

“ಬರೋ ವರ್ಷ ಆದ್ರೂ ಸರಿ ಮಗಳೇ.”

ಆ ತಾಳ್ಮೆ ಅಳಿಯನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಹೆಂಡತಿ ಊಟಕ್ಕೆ ಕರೆದಳು. “ನೀವು ಹೋಗಿ, ನನಗಿನ್ನೂ ಹಸಿವಿಲ್ಲ,” ಎಂದು ಮಾವ ಕೋಣೆಯಲ್ಲೇ ಉಳಿದರು.

 ಅಳಿಯ ತಟ್ಟೆಯ ಮುಂದೆ ಕಣ್ಣು ಮುಚ್ಚಿದ. ದೇವರೇ, ಇವತ್ತೊಂದು ದಿನ ತಪ್ಪಿಸು ಎಂದು ಬೇಡಲು ಹೊರಟವನ ಬಾಯಿಗೆ, ಹೇಳುವ ಧೈರ್ಯ ಕೊಡು ಎಂಬ ಮಾತೇ ಬಂತು. ಯಜಮಾನರು ಬರುವ ಮೊದಲು, ಆ ಖಾಲಿ ಫೋಲ್ಡರನ್ನು ಮಾವನ ಕಣ್ಣೆದುರೇ ತೆರೆದು ತಪ್ಪೊಪ್ಪಿಕೊಳ್ಳಬೇಕು. ಅರ್ಧ ಊಟಕ್ಕೇ ಎದ್ದು ಕೈತೊಳೆದ.

ಮಾವ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಅಳಿಯ ಮೆಮರಿ ಪಟ್ಟಿಯನ್ನು ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದ. ಗುಂಡಿ ಅದುಮಿದ.

ಫ್ಯಾನು ತಿರುಗಿತು. ಪರದೆ ಕಪ್ಪು. ಈ ಸಲ ಕೂಗೂ ಇಲ್ಲ.

ಮತ್ತೆ ಅದುಮಿದ. ಅದೇ ಮೌನ. ಈ ಸಲ ಅದು ನಿಜವಾಗಿಯೂ ಕೆಟ್ಟಿತ್ತು. ಲಿಫ್ಟಿನ ಕೆಲಸದಲ್ಲಿ ಕಲಿತಂತೆ ಕರೆಂಟು ಬರುವ ಕಡೆಯಿಂದ ಹಿಡಿದು ಒಂದೊಂದೇ ತಂತಿಯ ಮೇಲೆ ಬೆರಳಾಡಿಸುತ್ತ ಹೋದ. ಮೇಲ್ಮೂಲೆಯಲ್ಲಿ ಬೆರಳು ನಿಂತಿತು. ಪ್ರೊಸೆಸರಿಗೆ ಕರೆಂಟು ಕೊಡುವ ತಂತಿ ಕಳಚಿ ನೇತಾಡುತ್ತಿತ್ತು. ಅದಕ್ಕೊಂದು ಕೊಕ್ಕೆಯಿದೆ. ಒತ್ತಿ ಹಿಡಿದು ಎಳೆಯದೆ ಅದು ತಾನಾಗಿ ಬರುವಂಥದ್ದಲ್ಲ. ಅವನಂತೂ ಅದನ್ನು ಮುಟ್ಟಿರಲಿಲ್ಲ.

ಊಟದ ಹೊತ್ತಿನಲ್ಲಿ ಈ ಕೋಣೆಯಲ್ಲಿದ್ದವರು ಒಬ್ಬರೇ.

ಅವನಿಗೆ ಎಲ್ಲ ಹೊಳೆಯಿತು. ಮಾವನಿಗೆ ಗೊತ್ತಾಗಿದೆ. ಪುಸ್ತಕ ಹೋದ ಸಂಕಟ ನುಂಗಿಕೊಂಡು, ನಾಲ್ಕು ಜನರ ಮುಂದೆ ಅಳಿಯನ ಮಾನ ಹೋಗದಿರಲೆಂದು ತಂತಿ ಕಿತ್ತಿದ್ದಾರೆ. ಹೋಗಿ ಅವರ ಎರಡೂ ಕೈ ಹಿಡಿದುಕೊಂಡ.

“ನೀವು ಇಷ್ಟು ದೊಡ್ಡವರಾಗಬೇಡಿ ಮಾವ. ನನಗೆ ತಡ್ಕೊಳ್ಳೋಕಾಗಲ್ಲ. ನಿಮ್ಮ ಪುಸ್ತಕ ಹಾಳು ಮಾಡಿದ್ದು ನಾನೇ. ನಿನ್ನೆ ಸಾಗಿಸುವಾಗ ಕಳೆದುಬಿಟ್ಟೆ. ಆ ಫೋಲ್ಡರ್ ಪೂರ್ತಿ ಖಾಲಿ. ಒಂದಕ್ಷರ ಉಳಿದಿಲ್ಲ.”

 ಹೊರಗೆ ಕರೆಗಂಟೆ ಸದ್ದಾಯಿತು. “ಬನ್ನಿ ಬನ್ನಿ, ಅಪ್ಪ ನಿಮ್ಮನ್ನೇ ಕಾಯ್ತಿದಾರೆ,” ಎಂಬ ಮಗಳ ದನಿ ಕೇಳಿಸಿತು. ಮಾವ ಸರಸರನೆ ಹೋಗಿ ಕೋಣೆಯ ಅಗುಳಿ ಹಾಕಿದರು.

“ಮೆಲ್ಲಗೆ ಮಾತಾಡಿ. ನೀವೇನೂ ಕಳೆದಿಲ್ಲ ಅಳಿಯಂದ್ರೇ. ಬರೆದ ಒಂದೊಂದು ಸಾಲಲ್ಲೂ ನನಗೆ ತಪ್ಪೇ ಕಾಣ್ತಿತ್ತು. ಒಂಬತ್ತು ವರ್ಷ, ದಿನಾ ಬರೆದದ್ದನ್ನ ದಿನಾ ಅಳಿಸಿದೀನಿ.”